ಎರಡನೇ ಕಿಟಕಿಯ ಹತ್ತಿರ

ಇವತ್ತು ಹಳೇ ಗೋವಾದ ಸೇಂಟ್ ಅಗಸ್ಟೀನ್ ಚರ್ಚಿನ ಅವಶೇಷಗಳ ನಡುವೆ ತುಂಬಾ ಹೊತ್ತು ಕೂತಿದ್ದೆ. ಒಂದು ಕಾಲದಲ್ಲಿ 46 ಮೀಟರ್ ಎತ್ತರವಿದ್ದ ಗೋಪುರದಲ್ಲಿ ಈಗ ಉಳಿದಿರುವುದು ಅರ್ಧ ಮಾತ್ರ. ಸುತ್ತ ಬರೀ ಕೆಂಪುಕಲ್ಲಿನ ಗೋಡೆಗಳು, ನೆಲದಲ್ಲಿ ಸಮಾಧಿ ಕಲ್ಲುಗಳು. 1835ರಲ್ಲಿ ಪಾದ್ರಿಗಳು ಇಲ್ಲಿಂದ ಹೊರಡಬೇಕಾಯಿತು. 1842ರಲ್ಲಿ ಚಾವಣಿ ಕುಸಿಯಿತು. ಆಮೇಲೆ ಎಲ್ಲವೂ ಮಣ್ಣಿನಡಿ.

ನನ್ನನ್ನು ಹಿಡಿದು ಕೂರಿಸಿದ್ದು ಜಾರ್ಜಿಯಾದ ರಾಣಿ ಕೆಟೆವಾನ್ ಕಥೆ. ಮತ ಬದಲಿಸಲು ಒಪ್ಪದ ಅವಳನ್ನು 1624ರಲ್ಲಿ ಇರಾನಿನ ಶಿರಾಜ್‌ನಲ್ಲಿ ಹಿಂಸಿಸಿ ಕೊಂದರು. ಅವಳ ಕೆಲವು ಮೂಳೆಗಳನ್ನು ಅಗಸ್ಟೀನ್ ಪಾದ್ರಿಗಳು ಸಮುದ್ರ ದಾಟಿಸಿ ಇಲ್ಲಿಗೆ ತಂದರು. ಎಲ್ಲಿಟ್ಟೆವು ಅಂತ ಬರೆದೂ ಇಟ್ಟರು: ಒಳಗಿನ ಪ್ರಾರ್ಥನಾಲಯದ ಎರಡನೇ ಕಿಟಕಿಯ ಹತ್ತಿರ, ಕಲ್ಲಿನ ಪೆಟ್ಟಿಗೆಯಲ್ಲಿ.

ಆದರೆ ಗೋಡೆಯೇ ಬಿದ್ದ ಮೇಲೆ ಎರಡನೇ ಕಿಟಕಿ ಯಾವುದು ಅಂತ ಹುಡುಕುವುದು ಹೇಗೆ? ಭಾರತೀಯ ಪುರಾತತ್ವ ಇಲಾಖೆಯವರು ವರ್ಷಗಟ್ಟಲೆ ಮಣ್ಣು ತೆಗೆದು, ಕಟ್ಟಡದ ನಕ್ಷೆಯನ್ನೇ ಮತ್ತೆ ಬಿಡಿಸಿಕೊಂಡರು. ಕೊನೆಗೆ ಒಂದು ತೋಳಿನ ಮೂಳೆ ಸಿಕ್ಕಿತು. ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಡಿಎನ್‌ಎ ಪರೀಕ್ಷೆ ಆಯಿತು. ಅದರಲ್ಲಿ ಕಂಡ ತಾಯಿ ಕಡೆಯ ವಂಶದ ಗುರುತು ಭಾರತದವರಲ್ಲಿ ಸಿಗಲಿಲ್ಲ, ಜಾರ್ಜಿಯಾದವರಲ್ಲಿ ಸಿಕ್ಕಿತು.

ಯಾರೋ ಒಬ್ಬರು ಜೋಪಾನವಾಗಿ ಬರೆದಿಟ್ಟ ಒಂದು ಸಾಲು. ಅದನ್ನು ನಂಬಿ ಇನ್ಯಾರೋ ಅಗೆದರು. ನಡುವೆ ಸುಮಾರು 400 ವರ್ಷ! ನೆನೆದರೆ ಮೈ ಜುಮ್ಮೆನ್ನುತ್ತದೆ, ಅಲ್ವಾ?

2021ರ ಜುಲೈನಲ್ಲಿ ಆ ಮೂಳೆಯ ಒಂದು ಭಾಗವನ್ನು ಭಾರತ ಜಾರ್ಜಿಯಾಕ್ಕೆ ಕೊಟ್ಟಿತು. ರಾಣಿ ಊರಿಗೆ ಹೋದಳು.