ಇಬ್ಬರು ಇಟಾಲಿಯನ್ ದಾಯಾದಿಗಳು, ಒಂದೇ ಜೇಬು

ಭಾನುವಾರ, 9 ಮಾರ್ಚ್ 2025
ರೆಡಿಂಗ್, ಇಂಗ್ಲೆಂಡ್

ನಿನ್ನೆ ಒಂದೇ ದಿನ ಎರಡು ಕಾರು ನೋಡಿ ಬಂದೆ. ಎರಡೂ ಇಟಲಿಯವು. ಎರಡಕ್ಕೂ ಹೆಚ್ಚುಕಡಿಮೆ ಇಪ್ಪತ್ತೈದು ವರ್ಷ. ನಮ್ಮ ಮನೆಯಲ್ಲಿ ನನ್ನನ್ನು ಬಿಟ್ಟರೆ ಎರಡೂ ಯಾರಿಗೂ ಬೇಡ. ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಐದಕ್ಕೇ ಎದ್ದು ಕಾಫಿ ಮಾಡಿಕೊಂಡು ಬರೆಯೋಕೆ ಕೂತೆ.

ಇಟಾಲಿಯನ್ ಸ್ಪೋರ್ಟ್ಸ್ ಕಾರು ಅಂದ ತಕ್ಷಣ ಫೆರಾರಿ ಅಂದ್ಕೋಬೇಡಿ. ನನ್ನ ಹತ್ತಿರ ಇರೋದು 8,000 ಪೌಂಡ್. ಅದರಲ್ಲಿ 2,000 ಮುಟ್ಟಲ್ಲ ಅಂತ ಹೆಂಡತಿಗೆ ಮಾತು ಕೊಟ್ಟಿದ್ದೇನೆ. ಹಳೇ ಕಾರು ಮನೆಗೆ ಬಂದ ಮೊದಲ ಆರು ತಿಂಗಳಲ್ಲಿ ಅಷ್ಟನ್ನು ತಿಂದೇ ತಿನ್ನುತ್ತದೆ, ಆ ದುಡ್ಡು ಅದರ ಹೊಟ್ಟೆಗೆ. ಉಳಿದ 6,000ಕ್ಕೆ ಸಿಗುವ ಕಾರುಗಳಲ್ಲಿ ನನಗೆ ಹಿಡಿಸಿದ್ದು ಎರಡೇ. 1998ರ ಫಿಯೆಟ್ ಕೂಪೆ 20ವಿ ಟರ್ಬೊ, 2000ದ ಆಲ್ಫಾ ರೋಮಿಯೊ ಜಿಟಿವಿ ವಿ6.

ಗೊತ್ತಿಲ್ಲದವರಿಗೆ ಹೇಳಬೇಕು ಅಂದರೆ ಇವು ದಾಯಾದಿಗಳು. ಆಲ್ಫಾ ಕಂಪನಿ 1986ರಲ್ಲಿ ಫಿಯೆಟ್ ಕೈಗೆ ಬಂತು. ಆಮೇಲೆ ಈ ಎರಡೂ ಕಾರನ್ನು ಫಿಯೆಟ್ ಟಿಪೊ ಅನ್ನೋ ಸಂಸಾರಸ್ಥರ ಕಾರಿನ ತಳದ ಮೇಲೇ ಕಟ್ಟಿದರು. ಇಂಜಿನ್ ಇರೋದು ಮುಂದೆ, ಎಳೆಯೋದೂ ಮುಂದಿನ ಚಕ್ರಗಳೇ. ಸ್ಪೋರ್ಟ್ಸ್ ಕಾರು ಅಂದರೆ ಹಿಂದಿನ ಚಕ್ರ ತಳ್ಳಬೇಕು ಅನ್ನೋ ಮಡಿವಂತರು ಇವನ್ನು ಪಂಕ್ತಿಗೇ ಸೇರಿಸಲ್ಲ. ಒಳ್ಳೇದೇ ಆಯ್ತು, ಇಲ್ಲದಿದ್ದರೆ ನನ್ನಂಥವನ ಕೈಗೆ ಎಲ್ಲಿ ಸಿಗುತ್ತಿತ್ತು.

ಕುದುರೆಶಕ್ತಿಯೂ ಹತ್ತಿರಹತ್ತಿರ ಒಂದೇ, ಸುಮಾರು 220. ತೆರಿಗೆಯೂ ಒಂದೇ. ಎರಡೂ 2001ರ ಮಾರ್ಚ್‌ಗಿಂತ ಮೊದಲು ರಿಜಿಸ್ಟರ್ ಆದವು, ಹಾಗಾಗಿ 2024-25ರ ವರ್ಷಕ್ಕೆ 345 ಪೌಂಡ್ ಇತ್ತು. ಲಂಡನ್ ಒಳಗೆ ತಗೊಂಡು ಹೋದರೆ ಎರಡಕ್ಕೂ ದಿನಕ್ಕೆ 12.50 ಪೌಂಡ್ ಹೊಗೆ ಸುಂಕ. ಲೆಕ್ಕದ ಪುಸ್ತಕ ನನಗೆ ಒಂಚೂರೂ ಸಹಾಯ ಮಾಡಲಿಲ್ಲ.

ರೂಪದಲ್ಲಿ ಮಾತ್ರ ಅಜಗಜಾಂತರ. ಜಿಟಿವಿ ಬೆಣೆಯ ಹಾಗೆ ಮುಂದಕ್ಕೆ ಬಾಗಿದೆ, ಪಕ್ಕದಲ್ಲಿ ಒಂದೇ ಒಂದು ಗೆರೆ ಓರೆಯಾಗಿ ಮೇಲಕ್ಕೆ ಹೋಗುತ್ತದೆ. ಬಾನೆಟ್‌ನಲ್ಲಿ ದುಂಡಗಿನ ನಾಲ್ಕು ತೂತು, ಅವುಗಳ ಹಿಂದೆ ದೀಪ. ಪಿನಿನ್‌ಫರೀನಾ ಅನ್ನೋ ಕಾರು ವಿನ್ಯಾಸದ ಕಂಪನಿಯಲ್ಲಿದ್ದ ಎನ್ರಿಕೊ ಫೂಮಿಯಾ ಬಿಡಿಸಿದ್ದು. ಫಿಯೆಟ್ ಕೂಪೆಯ ಹೊರಮೈ ಕ್ರಿಸ್ ಬ್ಯಾಂಗಲ್ ಕೈಯದು. ಮುಂದೆ ಬಿಎಂಡಬ್ಲ್ಯೂಗೆ ಹೋಗಿ ಅರ್ಧ ಪ್ರಪಂಚದ ಹತ್ತಿರ ಬೈಸಿಕೊಂಡ ಅದೇ ಬ್ಯಾಂಗಲ್. ಚಕ್ರಗಳ ಮೇಲೆ ಯಾರೋ ಕುಡುಗೋಲಿನಿಂದ ಗೀರಿದ ಹಾಗೆ ಓರೆ ಗೆರೆಗಳು. ಕೆಲವರಿಗೆ ವಿಕಾರ ಅನ್ನಿಸುತ್ತದೆ. ನನ್ನ ಹೆಂಡತಿ ಫೋಟೊ ನೋಡಿ, "ಇದಕ್ಕೆ ಮೊದಲೇ ಆ್ಯಕ್ಸಿಡೆಂಟ್ ಆಗಿದೆಯಾ?" ಅಂತ ಕೇಳಿದಳು.

ಬೆಳಿಗ್ಗೆ ಮೊದಲು ಆಲ್ಫಾ. ನಾರ್ಥಾಂಪ್ಟನ್ ಹತ್ತಿರದ ಒಂದು ಹಳ್ಳಿ. ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಅವಳಿಗೆ ಒಂಬತ್ತು ವರ್ಷ, ಹಿಂದಿನ ಸೀಟು ಪರೀಕ್ಷೆ ಮಾಡೋಕೆ ಅವಳಿಗಿಂತ ಒಳ್ಳೆ ಯಂತ್ರ ಇಲ್ಲ.

ಮಾರುವವರು ಎಪ್ಪತ್ತು ದಾಟಿದ ಹಿರಿಯರು. ನಾನು ಕೇಳುವ ಮೊದಲೇ ಶುರು ಮಾಡಿದರು. ತಳದಲ್ಲಿ ತುಕ್ಕಿದೆ, ಎಷ್ಟಿದೆ ಅಂತ ನನಗೂ ಗೊತ್ತಿಲ್ಲ, ಇಂಜಿನ್ನಿನ ಟೈಮಿಂಗ್ ಬೆಲ್ಟ್ ಹಾಕಿಸಿದ್ದು 2016ರಲ್ಲಿ, ನೀನು ತಗೊಂಡರೆ ಮೊದಲು ಅದನ್ನು ಬದಲಾಯಿಸು ಅಂತ. ಕೇಳಿದ ಬೆಲೆ 5,800. ತುಕ್ಕಿನ ವಿಷಯ ನನಗೆ ಹಿಂದಿನ ರಾತ್ರಿಯೇ ಗೊತ್ತಿತ್ತು. ನಮ್ಮೂರಲ್ಲಿ ಗಾಡಿಯ ಫಿಟ್‌ನೆಸ್ ತಪಾಸಣೆಗೆ ಎಫ್‌ಸಿ ಅಂತೀವಲ್ಲ, ಇಲ್ಲಿ ಅದಕ್ಕೆ ಎಂಒಟಿ. ಮೂರು ವರ್ಷ ದಾಟಿದ ಕಾರಿಗೆ ಪ್ರತಿ ವರ್ಷ ಆಗಬೇಕು. ಕಾರಿನ ನಂಬರ್ ಹಾಕಿದರೆ ಸಾಕು, ಹಳೆಯ ತಪಾಸಣೆಯ ವಿವರ, ಓಡಿದ ಮೈಲಿ ಎಲ್ಲಾ ಸರ್ಕಾರವೇ ಪುಕ್ಕಟೆ ತೋರಿಸುತ್ತದೆ. ಈ ಜಿಟಿವಿಯ ಚರಿತ್ರೆಯಲ್ಲಿ ಮೂರು ವರ್ಷದಿಂದ 'ತುಕ್ಕು' ಅನ್ನೋ ಪದ ಬಿಟ್ಟಿಲ್ಲ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುವ ದೇಶ ಇದು. ಕಬ್ಬಿಣಕ್ಕೆ ಉಪ್ಪಿನಕಾಯಿ ಹಾಕಿದ ಹಾಗೆ.

ಆದರೆ ಅವರು ಬಾನೆಟ್ ಎತ್ತಿದರು ನೋಡಿ, ಅಲ್ಲಿಗೆ ನನ್ನ ಬುದ್ಧಿ ಕೈಕೊಟ್ಟಿತು.

ಈ ವಿ6, ಅಂದರೆ ಆರು ಸಿಲಿಂಡರಿನ ಇಂಜಿನ್, ಜುಸೆಪ್ಪೆ ಬುಸ್ಸೊ ಅನ್ನೋ ಎಂಜಿನಿಯರ್ ಮಾಡಿದ್ದು. ಆಲ್ಫಾದವರು ಅದನ್ನು ಮೊದಲು ಕಾರಿಗೆ ಹಾಕಿದ್ದು 1979ರಲ್ಲಿ. 2005ರ ಕೊನೆಗೆ ಅರೇಸೆ ಕಾರ್ಖಾನೆಯಲ್ಲಿ ಈ ಇಂಜಿನ್ ಮಾಡೋದು ನಿಂತಿತು. ಕೆಲವೇ ದಿನಕ್ಕೆ, 2006ರ ಜನವರಿ ಶುರುವಿನಲ್ಲಿ, ಬುಸ್ಸೊ ಕೂಡ ಹೋದರು. ಬಾನೆಟ್ ಕೆಳಗೆ ಪಕ್ಕಪಕ್ಕದಲ್ಲಿ ಆರು ಕೊಳವೆ, ಒಂದೊಂದೂ ಹುಣಸೆಹಣ್ಣು ಹಾಕಿ ತಿಕ್ಕಿದ ದೇವರ ಪಾತ್ರೆಯ ಹಾಗೆ ಫಳಫಳ. ಅದರಲ್ಲಿ ನನ್ನ ಮುಖ ಉದ್ದುದ್ದ ಕಾಣುತ್ತಿತ್ತು. ಮಗಳು ಬಗ್ಗಿ ನಾಲಿಗೆ ಚಾಚಿ ನೋಡಿಕೊಂಡಳು.

ಓಡಿಸೋಕೆ ಕೊಟ್ಟರು. ಮೂರು ಸಾವಿರ ಆರ್‌ಪಿಎಂ ತನಕ ಅದೊಂದು ಸಾಧು ಕಾರು. ನಾಲ್ಕು ಸಾವಿರ ದಾಟಿದ ಮೇಲೆ ದನಿ ಬದಲಾಗುತ್ತದೆ. ಕಿರುಚೋದಲ್ಲ, ಗಂಟಲು ಬಿಚ್ಚಿ ಹಾಡುತ್ತದೆ. ನಾನು ಕಿಟಕಿ ಇಳಿಸಿ, ಫೋನಿನಲ್ಲಿ ರೆಕಾರ್ಡ್ ಮಾಡು ಅಂತ ಮಗಳಿಗೆ ಹೇಳಿದೆ. ಅವಳು ಹಿಂದಿನ ಸೀಟಿನಲ್ಲಿ ಕತ್ತು ಓರೆ ಮಾಡಿಕೊಂಡು ಕೂತಿದ್ದಳು. ಅದನ್ನು ಸೀಟು ಅನ್ನೋದು ಸುಳ್ಳು, ಅಟ್ಟ ಅನ್ನಬೇಕು. ಡಿಕ್ಕಿಯೂ ಅಷ್ಟೇ. ಸೋನಾ ಮಸೂರಿ ಚೀಲ ಒಂದು ಇಟ್ಟರೆ ತರಕಾರಿ ತೊಡೆ ಮೇಲೆ.

ವಾಪಸ್ ಬರುವಾಗ ಆ ಹಿರಿಯರೇ ದಾರಿಯಲ್ಲಿದ್ದ ಒಂದು ಗ್ಯಾರೇಜಿಗೆ ತಿರುಗಿಸಿ ಅಂದರು. ಕಾರನ್ನು ಲಿಫ್ಟ್ ಮೇಲೆ ಎತ್ತಿದರು. ಮೆಕ್ಯಾನಿಕ್ ಬಾಗಿಲ ಕೆಳಗಿನ ಪಟ್ಟಿಯ ಉದ್ದಕ್ಕೂ ಸ್ಕ್ರೂಡ್ರೈವರ್ ಹಿಡಿಯಿಂದ ಟಕಟಕ ಬಡಿಯುತ್ತಾ ಬಂದ. ಟಣ್, ಟಣ್, ಟಣ್. ಜಾಕ್ ಕೊಡುವ ಜಾಗದ ಹತ್ತಿರ ಸದ್ದು 'ಡಬ್' ಅಂತಾಯ್ತು. ಸ್ಕ್ರೂಡ್ರೈವರ್ ತಿರುಗಿಸಿ ಮೊನೆಯಿಂದ ಮೆಲ್ಲಗೆ ಒತ್ತಿದ. ಹಿಡಿಯವರೆಗೂ ಒಳಗೆ ಹೋಯಿತು. ಕೆಂಪು ಪುಡಿ ಅವನ ತೋಳಿನ ಮೇಲೆ ಸುರಿಯಿತು.

"ಅಪ್ಪಾ, ಹಪ್ಪಳ ಮುರಿದ ಹಾಗೆ ಸೌಂಡ್ ಬಂತು" ಅಂದಳು ಮಗಳು. ಕನ್ನಡದಲ್ಲಿ ಹೇಳಿದ್ದು ಪುಣ್ಯ. ಹಿರಿಯರು ಏನೂ ಮಾತಾಡದೆ ಆ ತೂತನ್ನೇ ನೋಡುತ್ತಾ ನಿಂತಿದ್ದರು. ವೆಲ್ಡಿಂಗ್‌ಗೆ 1,500 ಪೌಂಡ್‌ನಿಂದ ಶುರು, ಬಿಚ್ಚಿದ ಮೇಲೆ ಎಷ್ಟಾಗುತ್ತೋ ಹೇಳೋಕಾಗಲ್ಲ ಅಂದ ಮೆಕ್ಯಾನಿಕ್. ಜೊತೆಗೆ ಬೆಲ್ಟ್. ನನ್ನ 2,000 ಅಲ್ಲೇ ಸ್ವಾಹಾ.

ಮಧ್ಯಾಹ್ನ ಸ್ವಿಂಡನ್‌ಗೆ ಹೋದೆವು, ಫಿಯೆಟ್ ನೋಡೋಕೆ. ಇಲ್ಲಿ ಮಾರುವವನು ನನ್ನ ವಯಸ್ಸಿನವನೇ. ಮಾತು ಬೆಣ್ಣೆ. ಕಾರು ಅವನ ಗ್ಯಾರೇಜಿನ ನೆರಳಲ್ಲಿ ನಿಂತಿತ್ತು. ಬಾಗಿಲಿಗೆ ಹಿಡಿಯೇ ಕಾಣಲ್ಲ, ಕಿಟಕಿಯ ಹಿಂದಿನ ಕಂಬದಲ್ಲಿ ಅಡಗಿಸಿಟ್ಟಿದ್ದಾರೆ. ಪೆಟ್ರೋಲ್ ಮುಚ್ಚಳ ಅಲ್ಯೂಮಿನಿಯಂನದು, ರೇಸಿಂಗ್ ಕಾರಿನ ಥರ. ಒಳಗೆ ಡ್ಯಾಶ್‌ಬೋರ್ಡಿನ ಅಡ್ಡಕ್ಕೂ ಕಾರಿನ ಬಣ್ಣದ್ದೇ ಒಂದು ಪಟ್ಟಿ, ಅದರ ಮೇಲೆ ಪಿನಿನ್‌ಫರೀನಾ ಅಂತ ಸಹಿ. ಮಗಳು ಹಿಂದೆ ಕೂತು ಕಾಲು ಆಡಿಸಿದಳು. ಪಾಸ್.

ನಾನು ಬಣ್ಣ ನೋಡುವ ನೆಪದಲ್ಲಿ ಬಾನೆಟ್ ಮೇಲೆ ಅಂಗೈ ಇಟ್ಟೆ. ಬಿಸಿ. ದೋಸೆ ಹಂಚು ಇಳಿಸಿ ಹತ್ತು ನಿಮಿಷ ಆದಷ್ಟು ಬಿಸಿ.

ಫೋನಿನಲ್ಲಿ ಅವನಿಗೆ ಒಂದೇ ಒಂದು ಮಾತು ಹೇಳಿದ್ದೆ. ನಾವು ಬರುವ ತನಕ ಸ್ಟಾರ್ಟ್ ಮಾಡಬೇಡ ಅಂತ. ಕೇಳಿದರೆ, "ಸುಮ್ನೆ ಸ್ವಲ್ಪ ಜರುಗಿಸಿದೆ" ಅನ್ನೋ ಅರ್ಥದಲ್ಲಿ ಏನೋ ಅಂದ. ಜರುಗಿಸಿದರೆ ಅಷ್ಟು ಬಿಸಿಯಾಗಲ್ಲ. ನಾನೂ ಬೆಣ್ಣೆಯಾಗಿಯೇ ಹೇಳಿದೆ: ಊಟ ಮಾಡಿಲ್ಲ, ಮಗುವಿಗೆ ಹಸಿವು, ತಿಂದ್ಕೊಂಡು ಬರ್ತೀವಿ. ಎರಡೂವರೆ ಗಂಟೆ ಬಿಟ್ಟು ಹೋದೆವು. ಮಗಳು ಅಷ್ಟರಲ್ಲಿ ಎರಡು ಐಸ್‌ಕ್ರೀಮ್ ವಸೂಲಿ ಮಾಡಿದಳು.

ಈ ಸಲ ಸ್ಟಾರ್ಟ್ ಮಾಡಿದಾಗ ಕೇಳಿಸಿತು. ಟಿಕ್ ಟಿಕ್ ಟಿಕ್ ಟಿಕ್. ಗೋಡೆ ಗಡಿಯಾರಕ್ಕೆ ಹುಚ್ಚು ಹಿಡಿದ ಹಾಗೆ. ಐದಾರು ನಿಮಿಷ ಆದ ಮೇಲೆ ತಾನಾಗಿಯೇ ನಿಂತಿತು. ಈ ಟರ್ಬೊ ಇಂಜಿನ್‌ಗೆ ಅದು ಹೊಸ ಕಾಯಿಲೆ ಏನಲ್ಲ. ಹೊಗೆ ಹೊರಗೆ ಒಯ್ಯುವ ಎರಕದ ಮ್ಯಾನಿಫೋಲ್ಡ್ ಬಿಸಿ ತಾಳದೆ ಬಿರುಕು ಬಿಡುತ್ತದೆ. ತಣ್ಣಗಿದ್ದಾಗ ಬಿರುಕಿನಿಂದ ಹೊಗೆ ಸೋರಿ ಸದ್ದು. ಕಬ್ಬಿಣ ಕಾದು ಹಿಗ್ಗಿದ ಮೇಲೆ ಬಿರುಕು ಮುಚ್ಚಿಕೊಂಡು ನಿಶ್ಶಬ್ದ. ಅವನು ಬಿಸಿ ಮಾಡಿ ಇಟ್ಟಿದ್ದು ಇದಕ್ಕೇ.

ಮನುಷ್ಯನ ಮೇಲೆ ಕೆಟ್ಟ ಸಿಟ್ಟು ಬಂತು. ಆದರೆ ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡಿದೆ. ಜಾಕ್ ಜಾಗ ಗಟ್ಟಿ. ಪಟ್ಟಿ ಬಡಿದರೆ ಕೊನೆವರೆಗೂ ಟಣ್. ಒಂದು ದಪ್ಪ ಫೈಲು, ಅದರಲ್ಲಿ ಹಿಂದಿನ ಮಾಲೀಕರ ಕಾಲದ ಬಿಲ್ಲುಗಳೂ ಇವೆ. ಟೈಮಿಂಗ್ ಬೆಲ್ಟ್ 2023ರಲ್ಲಿ ಬದಲಾಗಿದೆ. ಈ ಕಾರಿನಲ್ಲಿ ಅದು ಸಣ್ಣ ವಿಷಯ ಅಲ್ಲ. ಐದು ಸಿಲಿಂಡರ್ ಇಂಜಿನ್ನನ್ನು ಅಡ್ಡಡ್ಡ ತುರುಕಿರೋದರಿಂದ ಬೆಲ್ಟ್ ಕಡೆ ಕೈ ತೂರೋಕೂ ಜಾಗ ಇಲ್ಲ. ಸಾಮಾನ್ಯವಾಗಿ ಇಂಜಿನ್ ಇಳಿಸಿಯೇ ಹಾಕುತ್ತಾರೆ. ಬಿಲ್ಲಿನಲ್ಲಿದ್ದದ್ದು 1,100 ಪೌಂಡ್.

ಓಡಿಸಿದಾಗ ಹಾಡು ಏನಿಲ್ಲ. ಟರ್ಬೊ ಸೀಟಿ, ಹಿಂದೆ ಐದು ಸಿಲಿಂಡರಿನ ಒರಟು ಗುರುಗುರು. 2,500 ಆರ್‌ಪಿಎಂ ಆದ ಮೇಲೆ ಯಾರೋ ಕುತ್ತಿಗೆಪಟ್ಟಿ ಹಿಡಿದು ಎಳೆದ ಹಾಗೆ ಓಡುತ್ತದೆ. ಸ್ಟೀರಿಂಗ್ ಕೈಯಲ್ಲಿ ಕಿತ್ತಾಡುತ್ತದೆ. ನನಗೇ ಗೊತ್ತಿಲ್ಲದೆ ನಕ್ಕುಬಿಟ್ಟೆ. ಬೆಲೆ ಕೇಳಿದ್ದು 6,200.

ಹೀಗಾಯ್ತು ನನ್ನ ಕಥೆ. ಸತ್ಯವಂತರ ಹತ್ತಿರ ತುಕ್ಕು ಹಿಡಿದ ಕಾರು, ಸುಳ್ಳನ ಹತ್ತಿರ ಗಟ್ಟಿ ಕಾರು.

ಇವತ್ತು ಬೆಳಿಗ್ಗೆ ಆರು ಗಂಟೆಗೆ ಹಾಸನಕ್ಕೆ ಫೋನ್ ಮಾಡಿದೆ. ಅಲ್ಲಿ ಹನ್ನೊಂದೂವರೆ. ಅಪ್ಪನ ಹತ್ತಿರ ಹತ್ತೊಂಬತ್ತು ವರ್ಷ ಪ್ರೀಮಿಯರ್ ಪದ್ಮಿನಿ ಇತ್ತು. 1984ರ ಮಾಡೆಲ್. ಫಿಯೆಟ್ 1100ನ್ನೇ ಮುಂಬೈಯ ಕುರ್ಲಾದಲ್ಲಿ ಮಾಡಿ ಪದ್ಮಿನಿ ಅಂತ ಹೆಸರಿಟ್ಟಿದ್ದರು. ಹೆಸರು ಏನೇ ಇರಲಿ, ನಮ್ಮ ಬೀದಿಯಲ್ಲಿ ಎಲ್ಲರಿಗೂ ಅದು 'ಫಿಯಟ್ಟು'. ಸಕಲೇಶಪುರದ ಮಳೆಯಲ್ಲಿ ಓಡಾಡಿ ಓಡಾಡಿ ಅದರ ತಳ ಜರಡಿಯಾಗಿತ್ತು. ಮಳೆಗಾಲದಲ್ಲಿ ಹಿಂದೆ ಕೂತರೆ ನಾನು ಕಾಲು ಮೇಲೆ ಎತ್ತಿಕೊಳ್ಳುತ್ತಿದ್ದೆ, ರಸ್ತೆಯ ನೀರು ಚಪ್ಪಲಿಗೇ ಬರೋದು.

ಅಪ್ಪ ಪೂರ್ತಿ ಕೇಳಿಸಿಕೊಂಡರು. ಬುಸ್ಸೊ ಕಥೆಗೆ ಹ್ಞೂಂ ಅಂದರು ಅಷ್ಟೇ.

"ಇಂಜಿನ್ ಮೂರು ಸಲ ಇಳಿಸಿದ್ವಿ ಕಣೋ ನಮ್ದು. ಮೂರು ಸಲವೂ ಮೇಸ್ತ್ರಿ ಸರಿಮಾಡಿ ಕೊಟ್ಟ. ತಳಕ್ಕೆ ಎಷ್ಟು ತೇಪೆ ಹಾಕಿಸಿದೆ? ಒಂದು ಕಡೆ ಹಾಕಿದರೆ ಪಕ್ಕದಲ್ಲಿ ಕಿತ್ಕೊಳ್ಳೋದು."

"ಆದ್ರೆ ಆ ಫಿಯೆಟ್‌ನವನು ಸುಳ್ಳ, ಅಪ್ಪಾ."

"ಅವನೇನು ನಿನ್ನ ಜೊತೆ ಮನೆಗೆ ಬರ್ತಾನಾ? ಬರೋದು ಕಾರು ತಾನೇ."

ಒಂಬತ್ತು ಗಂಟೆಗೆ ಸ್ವಿಂಡನ್‌ನವನಿಗೆ ಮೆಸೇಜ್ ಹಾಕಿದೆ. ಮ್ಯಾನಿಫೋಲ್ಡ್ ಬಿರುಕು ಬಿಟ್ಟಿದೆ, ನಿನಗೂ ಗೊತ್ತು, 5,500. ಎರಡು ಗಂಟೆ ಉತ್ತರ ಇಲ್ಲ. ಆಮೇಲೆ 5,700 ಅಂದ. ಹೂಂ ಅಂದೆ.

ನಾರ್ಥಾಂಪ್ಟನ್‌ನ ಹಿರಿಯರಿಗೆ ಮೆಸೇಜ್ ಹಾಕೋಕೆ ಮನಸ್ಸಾಗಲಿಲ್ಲ, ಫೋನೇ ಮಾಡಿದೆ. ಅವರಿಗೇನೂ ಬೇಸರ ಇರಲಿಲ್ಲ. ಆ ತೂತು ನೋಡಿದ ಮೇಲೆ ಕಾರು ಮಾರುವ ಮನಸ್ಸೇ ಹೋಯಿತಂತೆ. ತಾವೇ ವೆಲ್ಡಿಂಗ್ ಮಾಡಿಸಿ ಇಟ್ಟುಕೊಳ್ಳುತ್ತಾರಂತೆ.

ಶನಿವಾರ, 15 ಮಾರ್ಚ್ 2025

ಫಿಯೆಟ್ ಮನೆಗೆ ಬಂತು. ಯುಗಾದಿ 30ಕ್ಕೆ ಇದೆ, ಅಲ್ಲಿವರೆಗೆ ಕಾಯೋಣ ಅಂತ ಹೆಂಡತಿ ಅಂದಿದ್ದಳು. ಆದರೂ ನಾಲ್ಕು ನಿಂಬೆಹಣ್ಣು ಅವಳೇ ಎತ್ತಿಟ್ಟಿದ್ದಳು. ಟೈರು ಅಗಲ, ನಿಂಬೆಹಣ್ಣು ಚಿಕ್ಕದು. ಒಂದು ಉರುಳಿ ಪಕ್ಕದ ಮನೆಯವರ ಬೇಲಿ ಸೇರಿತು.

ಮ್ಯಾನಿಫೋಲ್ಡ್ ಕೆಲಸಕ್ಕೆ ಗ್ಯಾರೇಜಿನವರು ಏಪ್ರಿಲ್ ಎರಡನೇ ವಾರಕ್ಕೆ ದಿನ ಕೊಟ್ಟಿದ್ದಾರೆ. ಜಿಟಿವಿ ದನಿ ಫೋನಿನಲ್ಲಿ ಹಾಗೇ ಇದೆ, ನಲವತ್ತು ಸೆಕೆಂಡು. ಈ ವಾರ ಎಷ್ಟು ಸಲ ಕೇಳಿದೆ ಅಂತ ಹೇಳಲ್ಲ.

ವಿಡಿಯೊ ಕಾಲ್‌ನಲ್ಲಿ ಅಪ್ಪನಿಗೆ ಕಾರು ತೋರಿಸಿದೆ. ಮೊದಲು ಕೇಳಿದ್ದು, "ಗೇರ್ ಎಲ್ಲೋ?" ಕೆಳಗಿದೆ ಅಂತ ತೋರಿಸಿದೆ. ಪದ್ಮಿನಿಯ ಗೇರ್ ಸ್ಟೀರಿಂಗ್ ಪಕ್ಕದಲ್ಲೇ ಇತ್ತಲ್ಲ, ಅವರ ಮಟ್ಟಿಗೆ ಫಿಯೆಟ್ ಅಂದರೆ ಹಾಗೇ ಇರಬೇಕು. ಆಮೇಲೆ ಸ್ಟಾರ್ಟ್ ಮಾಡು ಅಂದರು. ಇಂಜಿನ್ ತಣ್ಣಗಿತ್ತು. ಫೋನನ್ನು ಬಾನೆಟ್ ಹತ್ತಿರ ಹಿಡಿದೆ. ಟಿಕ್ ಟಿಕ್ ಟಿಕ್ ಟಿಕ್.

ಅಪ್ಪ ಕನ್ನಡಕ ಮೇಲಕ್ಕೆ ಸರಿಸಿ, ಕಿವಿಯನ್ನು ಫೋನಿಗೆ ಒತ್ತಿ ಕೇಳಿದರು. ನನಗೆ ಪರದೆ ತುಂಬಾ ಅವರ ಕಿವಿಯೇ.

"ಟ್ಯಾಪೆಟ್ ಸೌಂಡ್ ಬರ್ತಿದೆ," ಅಂದರು. "ನಮ್ದೂ ಹಿಂಗೇ ಇತ್ತು. ಇನ್ನೊಂದು ಸಲ ಸ್ಟಾರ್ಟ್ ಮಾಡು."