ಸುಳ್ಳು ಹೊತ್ತ ತಂಗಿ

ಅಜ್ಜಿಯ ವರ್ಷದ ತಿಥಿ ಮುಗಿದ ಮರುದಿನ ನೆಂಟರೆಲ್ಲ ಹೊರಟುಹೋಗಿ, ಮೈಸೂರಿನ ನಮ್ಮ ಮನೆಯಲ್ಲಿ ಅಮ್ಮ, ಚಿಕ್ಕಮ್ಮ ಮತ್ತು ನಾನು ಮೂವರೇ ಉಳಿದಿದ್ದೆವು. ಮಧ್ಯಾಹ್ನದ ಊಟವಾದ ಮೇಲೆ ನಾನು ಅವರಿಬ್ಬರನ್ನೂ ಟಿವಿಯ ಮುಂದೆ ಕೂರಿಸಿ, ಲುಲು ವಾಂಗ್ ನಿರ್ದೇಶಿಸಿದ ‘ದಿ ಫೇರ್‌ವೆಲ್’ ಚಿತ್ರವನ್ನು ಹಾಕಿದೆ. ಅದನ್ನು ನಾನು ಮೊದಲೇ ಒಬ್ಬಳೇ ನೋಡಿದ್ದೆ. ಅಜ್ಜಿಯ ಕಾಯಿಲೆಯ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ನಡೆದದ್ದೇ ಆ ಚಿತ್ರದ ಕಥೆಯೂ ಆಗಿದ್ದರಿಂದ, ಚಿಕ್ಕಮ್ಮ ಇದನ್ನು ನೋಡಲೇಬೇಕು ಎಂದು ಅಂದಿನಿಂದಲೂ ಅನ್ನಿಸುತ್ತಿತ್ತು.

ಅಜ್ಜಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಆಗಿತ್ತು. ಗೊತ್ತಾಗುವ ವೇಳೆಗೆ ಅದು ಯಕೃತ್ತಿಗೂ ಹಬ್ಬಿತ್ತು. ವೈದ್ಯರು ಚಿಕ್ಕಮ್ಮನನ್ನು ಹೊರಗೆ ಕರೆದು ವಿಷಯ ತಿಳಿಸಿದರು, ಅವರು ಅಲ್ಲಿಂದಲೇ ಅಮ್ಮನಿಗೂ ವಿದೇಶದಲ್ಲಿರುವ ಮಾವನಿಗೂ ಫೋನು ಮಾಡಿದರು, ಮತ್ತು ಅಜ್ಜಿಗೆ ಹೇಳುವುದು ಬೇಡವೆಂದು ಆ ಫೋನಿನಲ್ಲೇ ತೀರ್ಮಾನವಾಯಿತು. ಅಜ್ಜಿಗೆ ಹೇಳಬೇಕು ಎಂದವಳು ನಾನೊಬ್ಬಳೇ. ಇನ್ನೂ ಮದುವೆಯಾಗದ, ಬೆಂಗಳೂರಿನಲ್ಲಿ ಕೆಲಸ ಮಾಡುವ ಮೊಮ್ಮಗಳ ಮಾತು ಅಂಥ ತೀರ್ಮಾನಗಳಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಚಿತ್ರದಲ್ಲಿಯೂ ಹೇಳಬೇಕು ಎನ್ನುವವಳು ಮೊಮ್ಮಗಳೇ. ಚೀನಾದ ಈಶಾನ್ಯದಲ್ಲಿರುವ ಚಾಂಗ್‌ಚುನ್ ನಗರದ ಅಜ್ಜಿಗೆ ಶ್ವಾಸಕೋಶದ ಕ್ಯಾನ್ಸರ್ ನಾಲ್ಕನೆಯ ಹಂತಕ್ಕೆ ಹೋಗಿದೆ, ಉಳಿದಿರುವುದು ಮೂರು ತಿಂಗಳು ಎಂದು ವೈದ್ಯರು ಹೇಳಿದ್ದಾರೆ. ಅಮೆರಿಕ ಮತ್ತು ಜಪಾನಿನಲ್ಲಿ ನೆಲೆಸಿರುವ ಇಬ್ಬರು ಗಂಡುಮಕ್ಕಳ ಸಂಸಾರಗಳು ಆಕೆಯನ್ನು ಕಡೆಯ ಸಲ ನೋಡಲು ಬರಬೇಕು, ಆದರೆ ಬರುವುದಕ್ಕೆ ಒಂದು ನೆಪ ಬೇಕು. ಹಾಗಾಗಿ ಪರಿಚಯವಾಗಿ ಮೂರೇ ತಿಂಗಳಾದ ಜಪಾನಿ ಹುಡುಗಿಯೊಂದಿಗೆ ಒಬ್ಬ ಮೊಮ್ಮಗನ ಮದುವೆಯನ್ನು ತರಾತುರಿಯಲ್ಲಿ ಏರ್ಪಡಿಸುತ್ತಾರೆ. ನ್ಯೂಯಾರ್ಕಿನಲ್ಲಿ ಬೆಳೆದ ಮೊಮ್ಮಗಳು ಬಿಲ್ಲಿ ಅಳು ತಡೆಯಲಾರದೆ ಎಲ್ಲವನ್ನೂ ಬಾಯಿಬಿಟ್ಟಾಳೆಂಬ ಭಯದಿಂದ ಅಪ್ಪ ಅಮ್ಮ ಅವಳನ್ನು ಬಿಟ್ಟುಹೋಗುತ್ತಾರೆ, ಆದರೂ ಅವಳು ತಾನೇ ಟಿಕೆಟ್ ಕೊಂಡು ಹೊರಡುತ್ತಾಳೆ. ಇದು ನಿರ್ದೇಶಕಿಯ ಸ್ವಂತ ಮನೆಯಲ್ಲಿ 2013ರಲ್ಲಿ ನಡೆದದ್ದು. ಆರನೆಯ ವಯಸ್ಸಿನಲ್ಲಿ ಬೀಜಿಂಗ್ ಬಿಟ್ಟು ಅಮೆರಿಕಕ್ಕೆ ಹೋದ ಆಕೆ ಈ ಕಥೆಯನ್ನು 2016ರಲ್ಲಿ ಮೊದಲು ರೇಡಿಯೋದಲ್ಲಿ ಹೇಳಿದರು, ಅದನ್ನು ಕೇಳಿದ ನಿರ್ಮಾಪಕರೊಬ್ಬರು ಮುಂದೆ ಬಂದ ಮೇಲೆಯೇ ಅದು ಚಿತ್ರವಾಯಿತು. ಬಹುಪಾಲು ಮ್ಯಾಂಡರಿನ್ ಭಾಷೆಯಲ್ಲಿಯೇ ಇರುವ, ಚಾಂಗ್‌ಚುನ್‌ನಲ್ಲಿಯೇ ಚಿತ್ರೀಕರಿಸಿದ ಇಂಥದೊಂದು ಚಿತ್ರ ದೊಡ್ಡ ಸ್ಟುಡಿಯೋ ಒಂದರಲ್ಲಿ ಈ ರೂಪದಲ್ಲಿ ಉಳಿಯುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ. 2019ರ ಜನವರಿಯಲ್ಲಿ ಸಂಡ್ಯಾನ್ಸ್ ಉತ್ಸವದಲ್ಲಿ ಮೊದಲ ಪ್ರದರ್ಶನ ಕಂಡ ಇದಕ್ಕೆ ಮರುವರ್ಷ ಸ್ವತಂತ್ರ ಚಿತ್ರಗಳಿಗೆ ಕೊಡುವ ಸ್ಪಿರಿಟ್ ಪ್ರಶಸ್ತಿಯಲ್ಲಿ ಅತ್ಯುತ್ತಮ ಚಿತ್ರದ ಗೌರವ ಸಿಕ್ಕಿತು.

ಚಿಕ್ಕಮ್ಮನಿಗೆ ಇಂಗ್ಲಿಷ್ ಅಡಿಬರಹಗಳನ್ನು ಅಷ್ಟು ವೇಗವಾಗಿ ಓದಲು ಬರುವುದಿಲ್ಲವಾದ್ದರಿಂದ ನಾನು ಪಕ್ಕದಲ್ಲಿ ಕುಳಿತು ಪ್ರತಿ ಮಾತನ್ನೂ ಕನ್ನಡದಲ್ಲಿ ಹೇಳುತ್ತಾ ಹೋದೆ. ಆಸ್ಪತ್ರೆಯ ಓಣಿಯಲ್ಲಿ ವೈದ್ಯರಿಂದ ವಿಷಯ ತಿಳಿದ ಅಜ್ಜಿಯ ತಂಗಿ, ಮುಖವನ್ನು ಸರಿಮಾಡಿಕೊಂಡು ಅಕ್ಕನ ಬಳಿಗೆ ಬಂದು, ‘ಏನೂ ಇಲ್ಲ, ಎಕ್ಸ್‌ರೇಯಲ್ಲಿ ಒಂದಿಷ್ಟು ನೆರಳು ಕಾಣಿಸಿದೆ, ಅಷ್ಟೆ’ ಎನ್ನುವ ಮಾತು ನನ್ನ ಬಾಯಿಂದ ಹೊರಟಾಗ ಚಿಕ್ಕಮ್ಮ ರಿಮೋಟಿಗೆ ಕೈಹಾಕಿ ಚಿತ್ರವನ್ನು ನಿಲ್ಲಿಸಿದರು.

“ಇವಳು ಯಾರು?” ಎಂದು ಕೇಳಿದರು.

ಅಜ್ಜಿಯ ತಂಗಿ ಎಂದೆ. ಆ ಪಾತ್ರ ಮಾಡಿರುವ ಲು ಹಾಂಗ್ ಎಂಬಾಕೆ ವೃತ್ತಿಯ ನಟಿಯಲ್ಲ, ನಿರ್ದೇಶಕಿಯ ನಿಜವಾದ ಚಿಕ್ಕಜ್ಜಿ, ತನ್ನ ಅಕ್ಕನಿಗೆ ನಿಜವಾಗಿ ಈ ಸುಳ್ಳು ಹೇಳಿದವಳು, ಕ್ಯಾಮೆರಾದ ಮುಂದೆಯೂ ಅದನ್ನೇ ಮತ್ತೆ ಹೇಳಿದ್ದಾಳೆ ಎಂದು ವಿವರಿಸಿದೆ. ಚಿಕ್ಕಮ್ಮ ನಿಂತ ಚಿತ್ರವನ್ನೇ ಸ್ವಲ್ಪ ಹೊತ್ತು ನೋಡಿದರು. “ಅದಕ್ಕೇ ಕಣೇ, ಅವಳ ಮುಖ ಹಾಗಿದೆ. ಅದು ನಟನೆ ಮಾಡಿ ಬರೋ ಮುಖ ಅಲ್ಲ” ಎಂದರು.

ನಟರಲ್ಲದವರನ್ನು ಅವರದೇ ಊರಿನಲ್ಲಿ ನಿಲ್ಲಿಸಿ ಚಿತ್ರ ಮಾಡಿದರೆ ಏನಾಗುತ್ತದೆ ಎನ್ನುವುದು ಕನ್ನಡದವರಾದ ನಮಗೆ ಗೊತ್ತಿಲ್ಲದ್ದೇನಲ್ಲ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಅಲ್ಲಿಯ ಜನರನ್ನೇ ಇಟ್ಟುಕೊಂಡು ರಾಮ್ ರೆಡ್ಡಿ ಮಾಡಿದ ‘ತಿಥಿ’ 2015ರಲ್ಲಿ ಲೊಕಾರ್ನೊ ಉತ್ಸವದಿಂದ ಪ್ರಶಸ್ತಿ ತಂದಾಗ ನಾವೆಲ್ಲ ಸಂಭ್ರಮಿಸಿದ್ದೆವು. ಆದರೆ ತನ್ನ ಬದುಕಿನ ಅತ್ಯಂತ ಕಷ್ಟದ ಮಾತನ್ನು ಮತ್ತೊಮ್ಮೆ ಆಡಲು ಒಪ್ಪಿದ ಹೆಂಗಸನ್ನು ನಾನು ಬೇರೆ ಯಾವ ಚಿತ್ರದಲ್ಲಿಯೂ ಕಂಡಿಲ್ಲ. ಮೊದಲ ಸಲ ನೋಡಿದಾಗ ನನ್ನ ಕಣ್ಣೆಲ್ಲ ಬಿಲ್ಲಿಯ ಮೇಲೆ, ಆ ಪಾತ್ರ ಮಾಡಿದ ಅಕ್ವಾಫಿನಾಳ ಕುಗ್ಗಿದ ಭುಜಗಳ ಮೇಲೆ ಇತ್ತು. ಚಿಕ್ಕಮ್ಮ ಚಿತ್ರದ ಉದ್ದಕ್ಕೂ ನೋಡಿದ್ದು ಚಿಕ್ಕಜ್ಜಿಯನ್ನು. ಆಕೆ ತೆರೆಯ ಮೂಲೆಯಲ್ಲಿ ಸುಮ್ಮನೆ ಕುಳಿತಿರುವ ದೃಶ್ಯಗಳಲ್ಲಿಯೂ ಆಕೆಯನ್ನೇ.

ನಮ್ಮ ಮನೆಯ ಸುಳ್ಳು ಹೇಗೆ ನಡೆಯಿತೆಂಬುದನ್ನು ಚಿಕ್ಕಮ್ಮ ಹೇಳಲು ಶುರುಮಾಡಿದ್ದೂ ಆಗಲೇ. ಅಜ್ಜಿ ಲೋಯರ್ ಸೆಕೆಂಡರಿಯವರೆಗೆ ಓದಿದವರು, ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಬಲ್ಲವರು. ಆಸ್ಪತ್ರೆಯ ಫೈಲಿನ ಮೇಲೆ ವಿಭಾಗದ ಹೆಸರು ದಪ್ಪಕ್ಷರದಲ್ಲಿ ಇದ್ದುದರಿಂದ ಚಿಕ್ಕಮ್ಮ ಕಾಗದಗಳನ್ನೆಲ್ಲ ಹಳೆಯ ಮದುವೆ ಆಲ್ಬಮ್ಮಿನ ರಟ್ಟಿನ ಪೆಟ್ಟಿಗೆಗೆ ಸೇರಿಸಿದ್ದರು. ನೋವಿಗೆ ಕೊಟ್ಟ ಮಾತ್ರೆಗಳನ್ನು ಹಾಳೆಯಿಂದ ಬಿಡಿಸಿ ಬೇರೆ ಡಬ್ಬಿಗೆ ಹಾಕುತ್ತಿದ್ದರು. ನೋಡಲು ಬಂದವರು ಒಳಗೆ ಕಾಲಿಡುವ ಮೊದಲೇ ಗೇಟಿನ ಬಳಿ ನಿಲ್ಲಿಸಿ ಏನು ಹೇಳಬೇಕು, ಏನು ಹೇಳಬಾರದು ಎಂದು ಒಪ್ಪಿಸುತ್ತಿದ್ದರು. ಒಳಗೆ ಹೋದವರು ಕಣ್ಣೀರು ಹಾಕಿದರೆ ಅವರ ಮನೆಯ ಯಾವುದೋ ಕಷ್ಟವನ್ನು ಅಲ್ಲೇ ಹುಟ್ಟಿಸಿ ಅಜ್ಜಿಗೆ ಸಮಾಧಾನ ಹೇಳುತ್ತಿದ್ದರು. ಮಾವನೊಂದಿಗೆ ಮಾತನಾಡಲು ಹಿತ್ತಲಿನ ಕೊನೆಯವರೆಗೆ ಹೋಗಬೇಕಿತ್ತು, ಮತ್ತು ಅವರ ದೇಶದ ಹಗಲು ಇಲ್ಲಿಯ ರಾತ್ರಿಯಾದ್ದರಿಂದ ಅದು ಯಾವಾಗಲೂ ಕತ್ತಲಲ್ಲಿಯೇ. ಇದರಲ್ಲಿ ಒಂದು ವಿವರವೂ ಅಮ್ಮನಿಗಾಗಲೀ ನನಗಾಗಲೀ ತಿಳಿದಿರಲಿಲ್ಲ. ಪಕ್ಕದಲ್ಲಿದ್ದ ಅಮ್ಮ ತಲೆ ಎತ್ತದೆ ಕೇಳಿಸಿಕೊಂಡರು.

ಚಿತ್ರ ಮುಂದುವರಿದು, ಬಿಲ್ಲಿಯ ದೊಡ್ಡಪ್ಪ ತನ್ನ ವಾದವನ್ನು ಮಂಡಿಸುವ ದೃಶ್ಯ ಬಂತು. ಪಶ್ಚಿಮದಲ್ಲಿ ಒಬ್ಬರ ಬದುಕು ಅವರೊಬ್ಬರದೇ, ಪೂರ್ವದಲ್ಲಿ ಅದು ಕುಟುಂಬದ, ಸಮಾಜದ ಒಂದು ಭಾಗ. ಆದ್ದರಿಂದ ಸಾವಿನ ಭಾರವನ್ನು ಆಕೆಯ ಬದಲು ನಾವು ಹೊರುವುದೇ ನಮ್ಮ ಕರ್ತವ್ಯ ಎಂಬುದು ಅವನ ಮಾತಿನ ಸಾರ. ಅಮ್ಮ ಜೋರಾಗಿ ತಲೆಯಾಡಿಸಿದರು. ಈ ಮಾತನ್ನು ನಾನು ಒಪ್ಪಲಾರೆ, ಮತ್ತು ಚಿತ್ರವೂ ಅದನ್ನು ತನ್ನ ತೀರ್ಪೆಂದು ಮುಂದಿಡುವುದಿಲ್ಲ ಎಂದೇ ನನ್ನ ನಂಬಿಕೆ. ರೋಗಿಗೆ ಕ್ಯಾನ್ಸರ್ ಎಂದು ತಿಳಿಸದಿರುವುದು ಏಷ್ಯಾದವರದಷ್ಟೇ ಪದ್ಧತಿಯಲ್ಲ. 1961ರಲ್ಲಿ ಅಮೆರಿಕದ ವೈದ್ಯರ ನಡುವೆ ನಡೆದ ಸಮೀಕ್ಷೆಯೊಂದರಲ್ಲಿ ನೂರಕ್ಕೆ ಸುಮಾರು 90 ಮಂದಿ ತಾವು ರೋಗಿಗೆ ಹೇಳಲು ಬಯಸುವುದಿಲ್ಲ ಎಂದಿದ್ದರು. 1979ರ ಸಮೀಕ್ಷೆಯಲ್ಲಿ ಸುಮಾರು 97 ಮಂದಿ ಹೇಳುತ್ತೇವೆ ಎಂದರು. ಎರಡು ದಶಕದೊಳಗೆ ತಲೆಕೆಳಗಾಗಬಲ್ಲ ರೂಢಿಯೊಂದನ್ನು ಪೂರ್ವ ಪಶ್ಚಿಮಗಳ ಸನಾತನ ಸ್ವಭಾವವೆಂದು ಕರೆಯುವುದು ನಮಗೆ ನಾವೇ ಹೇಳಿಕೊಳ್ಳುವ ಇನ್ನೊಂದು ಸಮಾಧಾನ. ಅದಕ್ಕಿಂತ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಆ ವಾಕ್ಯದಲ್ಲಿರುವ ‘ನಾವು’. ಹಾಗೆ ಹೇಳುವ ಮಗ ಜಪಾನಿನಿಂದ ಮದುವೆಗೆಂದು ಬಂದವನು, ಮುಗಿದ ಮೇಲೆ ವಿಮಾನ ಹತ್ತುವವನು. ಪ್ರತಿದಿನ ಬೆಳಿಗ್ಗೆ ಎದ್ದು ಸುಳ್ಳನ್ನು ಹೊಸದಾಗಿ ಹೇಳಬೇಕಾದವಳು ಊರಿನಲ್ಲಿಯೇ ಉಳಿಯುವ ತಂಗಿ.

ಆಸ್ಪತ್ರೆಯ ಇನ್ನೊಂದು ದೃಶ್ಯದಲ್ಲಿ ಇಂಗ್ಲೆಂಡಿನಲ್ಲಿ ಓದಿ ಬಂದ ತರುಣ ವೈದ್ಯನೊಡನೆ ಬಿಲ್ಲಿ ಅಜ್ಜಿಯ ಎದುರಿಗೇ ಇಂಗ್ಲಿಷಿನಲ್ಲಿ ಕಾಯಿಲೆಯ ನಿಜವನ್ನು ಮಾತನಾಡುತ್ತಾಳೆ. ಏನೂ ಅರ್ಥವಾಗದ ಅಜ್ಜಿ, ಹುಡುಗ ಚೆನ್ನಾಗಿದ್ದಾನೆ, ಮೊಮ್ಮಗಳಿಗೆ ಆಗಬಹುದು ಎಂದು ಅವನನ್ನು ವಿಚಾರಿಸಿಕೊಳ್ಳುತ್ತಾಳೆ. ಝಾವ್ ಶುಝೆನ್ ಆ ಅಜ್ಜಿಯ ಪಾತ್ರಕ್ಕೆ ತಂದಿರುವ ಗತ್ತು, ಸಾಯಲಿರುವವಳೇ ಮನೆಯವರಲ್ಲೆಲ್ಲ ಹೆಚ್ಚು ಲವಲವಿಕೆಯಿಂದಿರುವ ಆ ರೀತಿ, ಅಮ್ಮನನ್ನು ಅಳಿಸಿತು. “ನಮ್ಮಮ್ಮನೂ ಹೀಗೇ ಇದ್ದಳು. ಗೊತ್ತಿಲ್ಲದ್ದಕ್ಕೇ ಹಾಗಿದ್ದಳು. ಹೇಳಿದ್ದರೆ ಆವತ್ತೇ ಹಾಸಿಗೆ ಹಿಡಿಯುತ್ತಿದ್ದಳು” ಎಂದರು. ಇರಬಹುದು. ಕಡೆಯ ದಸರೆಗೆ ಅಜ್ಜಿ ಬೊಂಬೆಗಳನ್ನೆಲ್ಲ ತಾವೇ ಒರೆಸಿ ಜೋಡಿಸಿದ್ದನ್ನು ನಾನೂ ನೋಡಿದ್ದೇನೆ, ಆ ಸಂತೋಷ ಸುಳ್ಳಾಗಿರಲಿಲ್ಲ.

ಚಿತ್ರದ ನಡುವೆ ಚಿಕ್ಕಜ್ಜಿ ಬಿಲ್ಲಿಗೆ ಒಂದು ಹಳೆಯ ಸಂಗತಿ ಹೇಳುತ್ತಾಳೆ. ಅಜ್ಜಿಯ ಗಂಡ ಕಾಯಿಲೆ ಬಿದ್ದಾಗ ಅಜ್ಜಿಯೂ ಇದನ್ನೇ ಮಾಡಿದ್ದಳು, ಸಾವು ಹತ್ತಿರವಾದಾಗ ಮಾತ್ರ ಅವನಿಗೆ ತಿಳಿಸಿದ್ದಳು. ತನ್ನ ಸರದಿ ಬಂದಾಗಲೂ ಹೀಗೇ ನಡೆಯುವುದು ಅಜ್ಜಿಗೆ ಸಮ್ಮತವೇ ಇರುತ್ತದೆ ಎನ್ನುವುದು ಮನೆಯವರ ಧೈರ್ಯ. ಇಲ್ಲಿಯೂ ಚಿಕ್ಕಮ್ಮ ಚಿತ್ರವನ್ನು ನಿಲ್ಲಿಸಿದರು. ತಾತನ ಹೃದಯದ ಕಾಯಿಲೆಯನ್ನು ಅಜ್ಜಿ ಯಾರಿಗೂ ಹೇಳದೆ ಇಟ್ಟುಕೊಂಡಿದ್ದರಂತೆ. ಹೆಣ್ಣುಮಕ್ಕಳು ಈ ಕೆಲಸವನ್ನು ಒಬ್ಬರಿಂದೊಬ್ಬರು ನೋಡಿ ಕಲಿಯುತ್ತಾರೆ, ಅಡುಗೆ ಕಲಿತ ಹಾಗೆ, ಎಂದು ಅವರು ಹೇಳಿದ್ದು ಆ ದಿನದ ಮಾತುಗಳಲ್ಲಿ ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ನೆನಪಿದೆ.

ಚಿತ್ರದ ಕೊನೆಯಲ್ಲಿ ನಿಜವಾದ ಅಜ್ಜಿಯ ವಿಡಿಯೋ ಬರುತ್ತದೆ, ಕಾಯಿಲೆ ಗೊತ್ತಾಗಿ ಆರು ವರ್ಷವಾದರೂ ಆಕೆ ಬದುಕಿದ್ದಾಳೆ ಎಂಬ ಸಾಲು ಮೂಡುತ್ತದೆ. ಅದನ್ನು ಓದಿ ಹೇಳಿದ ಕೂಡಲೇ ಅಮ್ಮನ ಮುಖ ಅರಳಿತು. “ನೋಡಿದೆಯಾ, ಹೇಳದೇ ಇದ್ದದ್ದು ಎಷ್ಟು ಒಳ್ಳೆಯದಾಯಿತು” ಎಂದು ನನ್ನ ಕಡೆ ತಿರುಗಿದರು.

“ಅವಳು ಆರು ವರ್ಷ ಬದುಕಿದಳು ಅಂದರೆ, ಆ ತಂಗಿ ಆರು ವರ್ಷ ಸುಳ್ಳು ಹೇಳಿದಳು ಅಂತಲೂ ಆಯ್ತಲ್ಲಕ್ಕ” ಎಂದರು ಚಿಕ್ಕಮ್ಮ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅಜ್ಜಿಗೆ ಮಾಡಿದ್ದು ತಪ್ಪೆಂದೂ ಅವರು ಹೇಳಲಿಲ್ಲ. ಮತ್ತೆ ಅದೇ ಪರಿಸ್ಥಿತಿ ಬಂದರೆ ಮತ್ತೆ ಅದನ್ನೇ ಮಾಡುತ್ತೇನೆ ಎಂದರು. ಆದರೆ ತಮಗೆ ಅಂಥ ಕಾಯಿಲೆ ಬಂದರೆ ಮೊದಲು ತಮಗೇ ಹೇಳಬೇಕು, ಮುಚ್ಚಿಡುವ ಕೆಲಸಕ್ಕೆ ಮನೆಯ ಇನ್ನೊಬ್ಬ ಹೆಂಗಸನ್ನು ಹಚ್ಚಕೂಡದು ಎಂದು ನನ್ನನ್ನೂ ಅಮ್ಮನನ್ನೂ ಎದುರಿಗೆ ಕೂರಿಸಿಕೊಂಡು ಸ್ಪಷ್ಟವಾಗಿ ಹೇಳಿದರು. ಆಮೇಲೆ ಅಮ್ಮನನ್ನು ಕೇಳಿದರು, “ನಿನಗೆ ಹೇಗಾಗಬೇಕು, ಈಗಲೇ ಹೇಳಿಬಿಡು.”

ಅಮ್ಮ ಯೋಚಿಸಿ, “ನನಗೆ ಹೇಳಬೇಡಿ. ನನಗೆ ಅಷ್ಟು ಧೈರ್ಯವಿಲ್ಲ” ಎಂದರು.

“ಹಾಗಾದರೆ ನಿನ್ನ ರಿಪೋರ್ಟು ತರೋದು, ಬಚ್ಚಿಡೋದು, ಗೇಟಿನ ಹತ್ತಿರ ನಿಲ್ಲೋದು, ಎಲ್ಲ ನಿನ್ನ ಮಗಳ ಕೆಲಸ. ಅವಳನ್ನ ಈಗಲೇ ಕೇಳಿಕೋ, ಆಗುತ್ತಾ ಅಂತ” ಎಂದು ಚಿಕ್ಕಮ್ಮ ನನ್ನ ಕಡೆ ಕೈತೋರಿಸಿದರು.