ಬೆಳ್ಳಿಯ ಮೇಲಿನ ಹಕ್ಕಿ ಯಾವ ಊರಿನದು

ನನ್ನ ಸೋದರಮಾವ ಹಾಸನದಲ್ಲಿ ಮೂವತ್ತೈದು ವರ್ಷ ಬೆಳ್ಳಿ ಅಂಗಡಿ ನಡೆಸಿದವರು. ಕಳೆದ ವರ್ಷ ಅವರು ಪಶ್ಚಿಮ ಆಸ್ಟ್ರೇಲಿಯಾದ ಪರ್ತ್‌ನ ನಮ್ಮ ಮನೆಗೆ ಬಂದಿದ್ದಾಗ, ನಾನು ವರ್ಷಕ್ಕೊಂದರಂತೆ ಕೂಡಿಸಿಟ್ಟಿದ್ದ ಕೂಕಬುರ ಎಂಬ ಹಕ್ಕಿಯ ಚಿತ್ರವಿರುವ ಹದಿನಾಲ್ಕು ಬೆಳ್ಳಿ ನಾಣ್ಯಗಳನ್ನು ಊಟದ ಮೇಜಿನ ಮೇಲೆ ಹೆಮ್ಮೆಯಿಂದ ಹರಡಿದೆ. ಅವರು ಮೊದಲು ಕೇಳಿದ್ದು ತಕ್ಕಡಿಯನ್ನು. ನಾಣ್ಯವನ್ನು ಪ್ಲಾಸ್ಟಿಕ್ ಕವಚದಿಂದ ಹೊರತೆಗೆಯಬೇಡಿ ಎಂದು ನಾನು ಬೇಡಿಕೊಂಡದ್ದಕ್ಕೆ, ಖಾಲಿ ಕವಚವೊಂದನ್ನು ಬೇರೆಯಾಗಿ ತೂಗಿ, ಅಷ್ಟನ್ನು ಕಳೆದು, 31 ಗ್ರಾಂ ಸರಿಯಿದೆ ಎಂದು ಒಪ್ಪಿದರು.

ಅವರ ಮನೆಯ ದೇವರ ಪೆಟ್ಟಿಗೆಯಲ್ಲಿ ಐದನೆಯ ಜಾರ್ಜ್ ದೊರೆಯ ತಲೆಯಿರುವ ಬೆಳ್ಳಿ ರೂಪಾಯಿಗಳಿವೆ. ಒಂದೊಂದೂ ಒಂದು ತೊಲ, ಅಂದರೆ 11.66 ಗ್ರಾಂ ತೂಗುತ್ತದೆ, ಅದರಲ್ಲಿ ಬೆಳ್ಳಿಯ ಪ್ರಮಾಣ ಶೇ. 91.7. ನನ್ನ ಹೊಸ ನಾಣ್ಯಗಳ ಪರಿಶುದ್ಧತೆ 99.99 ಎಂದು ನಾನು ಹೇಳಿದಾಗ ಅವರೇನೂ ಬೆರಗಾಗಲಿಲ್ಲ. ಹಿಂಬದಿಯನ್ನು ತಿರುಗಿಸಿ ನೋಡಿ, "ಇಲ್ಲೂ ದೊರೆಯ ತಲೆ ಬಿಟ್ಟಿಲ್ಲವಲ್ಲಯ್ಯ" ಎಂದರು. ಹಳೆಯ ನಾಣ್ಯಗಳಲ್ಲಿ ಎರಡನೆಯ ಎಲಿಜಬೆತ್, ತೀರ ಹೊಸದರಲ್ಲಿ ಮೂರನೆಯ ಚಾರ್ಲ್ಸ್. ಆಮೇಲೆ ಬಂದದ್ದು ನಾನು ನಿರೀಕ್ಷಿಸುತ್ತಿದ್ದ ಪ್ರಶ್ನೆ: ಗಟ್ಟಿಯ ಬೆಲೆಗಿಂತ ಮೇಲೆ ಎಷ್ಟು ಕೊಟ್ಟೆ? ಶುದ್ಧ ಬೆಳ್ಳಿಯ ಹೂಡಿಕೆ ನಾಣ್ಯಕ್ಕೆ ಆಸ್ಟ್ರೇಲಿಯಾದಲ್ಲಿ ಜಿಎಸ್‌ಟಿ ಇಲ್ಲವೆಂದು ಹೇಳಿ ತಪ್ಪಿಸಿಕೊಳ್ಳಲು ನೋಡಿದೆನಾದರೂ, ಮಜೂರಿಯ ಲೆಕ್ಕದಲ್ಲಿ ಅವರನ್ನು ಮೋಸಗೊಳಿಸಲು ಸಾಧ್ಯವಿರಲಿಲ್ಲ. "ಕರಗಿಸಿದರೆ ಹಕ್ಕಿ ಹೋಗುತ್ತೆ, ಬೆಳ್ಳಿ ಉಳಿಯುತ್ತೆ. ನೀನು ಹಕ್ಕಿಗೆ ದುಡ್ಡು ಕೊಟ್ಟಿದ್ದೀಯ" ಎಂದು ತೀರ್ಪು ಕೊಟ್ಟರು.

ಮರುದಿನ ಬೆಳಗಿನ ಜಾವ, ಪಕ್ಕದ ಮನೆಯ ನೀಲಗಿರಿ ಮರದಿಂದ ಆ ಹಕ್ಕಿಯೇ ಕೂಗಿ ಅವರನ್ನು ಎಬ್ಬಿಸಿತು. ಕೂಕಬುರದ ಕೂಗು ಮನುಷ್ಯರ ಗುಂಪೊಂದು ಬಿದ್ದು ಬಿದ್ದು ನಕ್ಕಂತಿರುತ್ತದೆ. ತನ್ನ ಎಲ್ಲೆಯನ್ನು ಉಳಿದವಕ್ಕೆ ತಿಳಿಸಲು ಅದು ಹಾಗೆ ಕೂಗುತ್ತದೆ. ಇದು ನಮ್ಮ ಮಿಂಚುಳ್ಳಿಯ ಕುಲದ್ದೇ, ಆದರೆ ಮೀನನ್ನು ನೆಚ್ಚಿಕೊಂಡದ್ದಲ್ಲ, ಓತಿಕ್ಯಾತವನ್ನೂ ಹಾವನ್ನೂ ಹಿಡಿದು ಕೊಂಬೆಗೆ ಬಡಿದು ತಿನ್ನುತ್ತದೆ ಎಂದು ವಿವರಿಸಿದೆ. "ಈ ಊರಿನ ಹಕ್ಕಿಯೇನು?" ಎಂದು ಕೇಳಿದರು. ಹೌದೆಂದೆ. ಆ ಉತ್ತರವನ್ನು ನಾನು ಒಂದು ಕ್ಷಣವೂ ಯೋಚಿಸದೆ ಕೊಟ್ಟಿದ್ದೆ.

ಅದೇ ದಿನ ಅವರನ್ನು, ಈ ನಾಣ್ಯಗಳನ್ನು ಅಚ್ಚು ಹಾಕುವ ಟಂಕಸಾಲೆಯಾದ, ಹೇ ಸ್ಟ್ರೀಟ್‌ನಲ್ಲಿರುವ ಪರ್ತ್ ಮಿಂಟ್‌ಗೆ ಕರೆದುಕೊಂಡು ಹೋದೆ. ಕೂಲ್‌ಗಾರ್ಡಿ, ಕ್ಯಾಲ್‌ಗೂರ್ಲಿ ಎಂಬ ಈ ರಾಜ್ಯದ ಊರುಗಳಲ್ಲಿ ಚಿನ್ನ ಸಿಕ್ಕ ಮೇಲೆ, 1899ರಲ್ಲಿ, ಲಂಡನ್ನಿನ ಟಂಕಸಾಲೆಯ ಶಾಖೆಯಾಗಿ ಆರಂಭವಾದ ಸಂಸ್ಥೆಯದು. 1970ರಲ್ಲಿ ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ವಶಕ್ಕೆ ಬಂತು. ಕರಗಿದ ಚಿನ್ನವನ್ನು ಅಚ್ಚಿಗೆ ಸುರಿಯುವುದನ್ನು ಪ್ರೇಕ್ಷಕರಿಗೆ ತೋರಿಸುತ್ತಾರೆ. ಮಾವ ಅದನ್ನು ನೋಡಿದ್ದು ಕಸುಬುದಾರನ ಕಣ್ಣಿನಿಂದ. ಸುತ್ತಲಿನವರು ಚಪ್ಪಾಳೆ ತಟ್ಟಿದಾಗ ಅವರಿಗೆ ಯಾಕೆಂದೇ ತಿಳಿಯಲಿಲ್ಲ.

ಅಂಗಳದಲ್ಲಿ ಪಕ್ಕದಲ್ಲಿ ಕುಳಿತಿದ್ದ ವಯಸ್ಸಾದ ಸ್ಥಳೀಯ ಮಹಿಳೆಯೊಬ್ಬರೊಡನೆ ಮಾತಾಡುತ್ತ, ಇಲ್ಲಿಯ ಹಕ್ಕಿಯ ನಾಣ್ಯ ಕೂಡಿಸುತ್ತೇನೆ ಎಂದು ನಾನು ಹೇಳಿದೆ. ಅವರು ನಕ್ಕುಬಿಟ್ಟರು. ಹೀಗೆ ನಗುವ ಈ ಕೂಕಬುರ ಮೂಲತಃ ಖಂಡದ ಪೂರ್ವ ಭಾಗದ್ದಂತೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜನರೇ ತಂದು ಇಲ್ಲಿ ಬಿಟ್ಟದ್ದಂತೆ. ಹೆಚ್ಚು ಕಡಿಮೆ ಈ ಟಂಕಸಾಲೆ ಎದ್ದ ಕಾಲದಲ್ಲೇ! ಇಲ್ಲಿಯ ಸಣ್ಣ ಓತಿ, ಹಲ್ಲಿಗಳನ್ನು ತಿನ್ನುವ, ಇಲ್ಲಿಯ ಹಕ್ಕಿಗಳಿಗೆ ಬೇಕಾದ ಪೊಟರೆಗಳನ್ನು ಆಕ್ರಮಿಸುವ ಹಕ್ಕಿಯದು. ಬೇರೊಂದು ನಾಣ್ಯದ ಮೇಲಿರುವ ಕೋಲಾ ಎಂಬ ಮರವಾಸಿ ಪ್ರಾಣಿಯೂ ಈ ರಾಜ್ಯದ ಕಾಡುಪ್ರಾಣಿಯಲ್ಲ ಎಂಬುದು ಮನೆಗೆ ಬಂದು ಓದಿದ ಮೇಲೆ ತಿಳಿಯಿತು. 1990ರಿಂದ ಕೂಕಬುರವನ್ನೂ 2007ರಿಂದ ಕೋಲಾವನ್ನೂ ಬೆಳ್ಳಿಯಲ್ಲಿ ಅಚ್ಚು ಹಾಕುತ್ತಿರುವ ಊರಿನಲ್ಲಿ ಇಷ್ಟು ವರ್ಷ ಬದುಕಿಯೂ ನಾನು ಇದನ್ನು ವಿಚಾರಿಸಿರಲಿಲ್ಲ. ನಾಣ್ಯದ ಮೇಲೆ ‘ಆಸ್ಟ್ರೇಲಿಯನ್ ಕೂಕಬುರ’ ಎಂದಿದೆ, ಅದು ಸುಳ್ಳಲ್ಲ. ಆದರೆ ಆಸ್ಟ್ರೇಲಿಯಾ ಎಷ್ಟು ದೊಡ್ಡದೆಂಬುದನ್ನು ನಾನು ಮರೆತಿದ್ದೆ. ಬಂಡೀಪುರದ ಪ್ರಾಣಿಯೆಲ್ಲ ಕಛ್‌ನಲ್ಲಿಯೂ ಇರಬೇಕೆಂದು ತಿಳಿದಂತಾಗಿತ್ತು ನನ್ನ ಕಥೆ.

ಹಾಗಾದರೆ ಈ ನೆಲದ್ದು ಯಾವುದು? ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಹಂಸದ ನಾಣ್ಯವೊಂದಿತ್ತು. ಕಪ್ಪು ಹಂಸ ಪಶ್ಚಿಮ ಆಸ್ಟ್ರೇಲಿಯಾದ ರಾಜ್ಯಪಕ್ಷಿ. ಬಾವುಟದ ಮೇಲಿರುವುದೂ ಅದೇ, ಊರಿನ ನಡುವೆ ಹರಿಯುವ ನದಿಗೆ ಹೆಸರು ಕೊಟ್ಟದ್ದೂ ಅದೇ. ಕೂಕಬುರ ವರ್ಷಕ್ಕೆ ಲಕ್ಷಗಟ್ಟಲೆ ಅಚ್ಚಾದರೆ, 2017ರಲ್ಲಿ ಆರಂಭವಾದ ಈ ಹಂಸ ಮಾಲಿಕೆಯಲ್ಲಿ ವರ್ಷಕ್ಕೆ ಅಚ್ಚಾದವು 25,000 ಮಾತ್ರ. ಹಾಗಾಗಿ ಮೇಲುಬೆಲೆ ಹೆಚ್ಚು. ಮಾವ ನಾಣ್ಯವನ್ನು ದಿಟ್ಟಿಸಿ ನೋಡಿ, "ಕಪ್ಪು ಹಂಸ ಅಂತೀಯ, ಬೆಳ್ಳಗೇ ಇದೆಯಲ್ಲೋ" ಎಂದರು. ಬೆಳ್ಳಿಯಲ್ಲಿ ಕಪ್ಪು ಎಲ್ಲಿಂದ ತರಲಿ, ಎಂದೆ. "ಕವಚ ತೆಗೆದು ಹೊರಗಿಡು, ಗಾಳಿ ತಾಗಿ ತಾನೇ ಕಪ್ಪಗಾಗುತ್ತೆ. ಆಗ ನಿನ್ನ ಹಂಸ ಸರಿಹೋಗುತ್ತೆ." ಗಾಳಿಯಲ್ಲಿರುವ ಗಂಧಕದ ಅಂಶಕ್ಕೆ ಬೆಳ್ಳಿ ಕಪ್ಪಾಗುವುದನ್ನು, ಅದನ್ನು ವಿಭೂತಿ ಹಾಕಿ ತಿಕ್ಕುವುದನ್ನು ಜೀವಮಾನವಿಡೀ ಕಂಡವರ ಮಾತದು. ನಾಣ್ಯ ಕೂಡಿಸುವವರು ತಿಕ್ಕುವುದೆಂದರೆ ನಡುಗುತ್ತಾರೆ, ಏಕೆಂದರೆ ತಿಕ್ಕಿದ ಗೀರು ಬಿದ್ದ ನಾಣ್ಯಕ್ಕೆ ಬೆಳ್ಳಿಯ ಬೆಲೆಯಷ್ಟೇ ಉಳಿಯುತ್ತದೆ.

ಮಜೂರಿ ಹೆಚ್ಚೆಂದು ಗೊಣಗುತ್ತಲೇ ಆ ಹಂಸಕ್ಕೆ ಹಣ ಕೊಟ್ಟವರು ಮಾವನೇ. ನಾನು ತಡೆದರೂ ಕೇಳಲಿಲ್ಲ. ಆ ರಾತ್ರಿ ನನ್ನ ನಾಣ್ಯಗಳನ್ನೆಲ್ಲ ತೆಗೆಸಿ, ಎರಡು ಡಬ್ಬಿಗಳಲ್ಲಿ ಬೇರೆಬೇರೆಯಾಗಿ ಇರಿಸಿದರು: ಒಂದು ಈ ನೆಲದವು, ಇನ್ನೊಂದು ಹೊರಗಿನಿಂದ ಬಂದವು. ಖಂಡದ ಪೂರ್ವ, ಪಶ್ಚಿಮ ಎರಡು ಕಡೆಯೂ ಇರುವ ಕೆಂಪು ಕಾಂಗರೂವಿನ ನಾಣ್ಯ ವಾದವಿಲ್ಲದೆ ಮೊದಲ ಡಬ್ಬಿಗೆ ಹೋಯಿತು. ಹದಿನಾಲ್ಕು ಕೂಕಬುರಗಳೂ ಮೂರು ಕೋಲಾಗಳೂ ಎರಡನೆಯದಕ್ಕೆ ಸೇರಿದವು. ಹೊಸ ವರ್ಷದ ಕೂಕಬುರ ಬಂದಾಗ ಅದನ್ನೂ ಕೊಂಡೆ; ಆ ಡಬ್ಬಿಯಲ್ಲಿ ಇನ್ನು ಎರಡಕ್ಕಷ್ಟೇ ಜಾಗವಿದೆ.